ಕೊಳವೆಯ ಹಿಂದಿನ ಮಾತು

ನಾಗರಹೊಳೆ ಕಾಡಿನ ಆಸುಪಾಸಿನ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಹೊಗೆಸೊಪ್ಪಿನ ಹೊಲಗಳಲ್ಲಿಯೂ ಕೆ.ಆರ್. ನಗರದ ಭತ್ತದ ಗದ್ದೆಗಳಲ್ಲಿಯೂ ಹಾವು ಕಡಿತ ತಲೆತಲಾಂತರದ ಅಪಾಯವಾಗಿದ್ದು, ನಾಗರಹಾವು ಅಥವಾ ಕಟ್ಟುಹಾವಿನ ವಿಷದಿಂದ ಉಸಿರಾಟದ ಸ್ನಾಯುಗಳು ಸೋತವರು ಹಿಂದೆ ಬದುಕುಳಿಯುವುದೇ ಅಪರೂಪವಾಗಿತ್ತು. ಕೃತಕವಾಗಿ ಉಸಿರು ತುಂಬುವ ವೆಂಟಿಲೇಟರ್ ಬಂದ ಮೇಲೆ ಅಂಥವರು ಉಳಿಯತೊಡಗಿದರು. ಆದರೆ ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸುವ ಕೊಳವೆ ಧ್ವನಿತಂತುಗಳ ನಡುವೆಯೇ ಹಾದುಹೋಗುವುದರಿಂದ, ಎಚ್ಚರವಿದ್ದೂ ಸೊಲ್ಲೆತ್ತಲಾಗದ ಸ್ಥಿತಿಯೊಂದು ಅದರ ಜೊತೆಗೇ ಹುಟ್ಟಿತು.

ಈ ಚಿಕಿತ್ಸೆಯ ಬೇರು 1952ರ ಕೋಪನ್‌ಹೇಗನ್‌ನಲ್ಲಿದೆ. ಅಲ್ಲಿನ ಪೋಲಿಯೊ ಪಿಡುಗಿನಲ್ಲಿ ವೈದ್ಯ ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ ರೋಗಿಗಳ ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಇಳಿಸಲಾಯಿತು. ಸುಮಾರು 1,500 ವೈದ್ಯವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆಯ ಪಕ್ಕ ಕುಳಿತು ರಬ್ಬರ್ ಚೀಲ ಒತ್ತುತ್ತ ಉಸಿರು ತುಂಬಿದರು. ತೀವ್ರ ನಿಗಾ ಘಟಕದ ಕಲ್ಪನೆ ಅಲ್ಲಿಂದ ರೂಪುಗೊಂಡಿತು.

ಕಟ್ಟುಹಾವಿನ ಕಡಿತದಲ್ಲಿ ಕೊಳವೆ ತರುವ ಮೌನ ಇನ್ನೂ ಗಾಢ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಹೊತ್ತು ಹೆಚ್ಚು ನೋವಾಗದಂತೆ ಕಡಿಯುವ ಈ ಹಾವಿನ ವಿಷ ಮೊದಲು ರೆಪ್ಪೆಗಳನ್ನು ಇಳಿಸಿ, ಬಳಿಕ ಗಂಟಲು, ಎದೆ, ಕೈಕಾಲುಗಳ ಶಕ್ತಿ ಕಸಿಯುತ್ತದೆ. ಅದು ನರದ ತುದಿಯನ್ನೇ ಕೆಡಿಸುವುದರಿಂದ ಪ್ರತಿವಿಷ ಕೊಟ್ಟರೂ ಚೇತರಿಕೆಗೆ ದಿನಗಳು ಹಿಡಿಯುತ್ತವೆ. ಕಣ್ಣು ಮುಚ್ಚಿ ಅಲುಗದೆ ಮಲಗಿರುವ ರೋಗಿಗೆ ಹಾಸಿಗೆಯ ಬಳಿಯ ಮಾತೆಲ್ಲ, ತನ್ನ ಉಳಿವಿನ ಬಗ್ಗೆ ಬಂಧುಗಳು ಪಿಸುಗುಟ್ಟುವ ಮಾತೂ ಸೇರಿ, ಕೇಳಿಸುತ್ತಿರಬಹುದು. ‘ಹೌದಾದರೆ ಒಂದು ಸಲ ರೆಪ್ಪೆ ಬಡೀರಿ’ ಎಂಬ ರೂಢಿಯ ಕ್ರಮ ಇಲ್ಲಿ ಸಾಗದು. ಸಿಸ್ಟರ್ ತನ್ನ ಬೆರಳನ್ನು ರೋಗಿಯ ಅಂಗೈಯಲ್ಲಿಟ್ಟು, ಅದೂ ಆಗದಿದ್ದರೆ ಕಾಲ್ಬೆರಳಿನ ಸಣ್ಣ ಮಿಸುಕಾಟವನ್ನು ಕಾದು, ಉತ್ತರ ಪಡೆಯಬೇಕಾಗುತ್ತದೆ.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಕಾರ್ಯಕ್ಷೇತ್ರದಲ್ಲಿ, ಮಾತಿನ ಬದಲು ಚಿತ್ರ, ಅಕ್ಷರ, ಸನ್ನೆಗಳನ್ನು ಒದಗಿಸುವ ‘ಪೂರಕ ಮತ್ತು ಪರ್ಯಾಯ ಸಂವಹನ’ವೂ ಸೇರಿದೆ. ಈ ಕೆಲಸಕ್ಕೆ ಕನ್ನಡ ವರ್ಣಮಾಲೆ ಹೇಳಿ ಮಾಡಿಸಿದಂತಿದೆ. ಐದು ಸಾಲು, ಸಾಲಿಗೆ ಐದು ಅಕ್ಷರ ಎಂಬ ವರ್ಗೀಯ ವ್ಯಂಜನಗಳ ಜೋಡಣೆಯಲ್ಲಿ, ‘ಕ ಸಾಲೇ, ಚ ಸಾಲೇ’ ಎಂದು ಕೇಳುತ್ತ ಹೋದರೆ ರೋಗಿ ನಾಲ್ಕನೆಯ ಸಾಲಿನಲ್ಲಿ ಬೆರಳು ಒತ್ತುತ್ತಾನೆ. ಅದರ ಐದನೆಯ ಅಕ್ಷರ ‘ನ’ ಎಂದು ತಿಳಿದೊಡನೆ, ಗುಣಿತಾಕ್ಷರಕ್ಕೆ ಕಾಯದೆ, ನೀರೇ, ನೋವೇ, ನಿದ್ದೆಯೇ ಎಂದು ವಿಚಾರಿಸಬಹುದು. ನೀರೆಂದಾದರೆ ಒದ್ದೆ ಹತ್ತಿಯಿಂದ ತುಟಿ ತೇವ ಮಾಡುವುದಷ್ಟೇ ಸಾಧ್ಯ, ಆದರೂ ಕೇಳಿಕೊಂಡದ್ದು ತಲುಪಿತೆಂಬುದೇ ರೋಗಿಗೆ ದೊಡ್ಡ ಸಮಾಧಾನ.

ಓದು ಬಾರದವರಿಗೆ ಅಕ್ಷರದ ಈ ದಾರಿಯಿಲ್ಲ. ನುಡಿಯೂ ಬೇರೆಯಾದರೆ ತೊಡಕು ಇನ್ನೂ ಹೆಚ್ಚು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೆಂಚನಹಳ್ಳಿ ಮತ್ತು ಸರಗೂರಿನಲ್ಲಿ ಆಸ್ಪತ್ರೆ ತೆರೆದು ಸೇವೆ ನೀಡಿದ ಜೇನುಕುರುಬ, ಕಾಡುಕುರುಬ ಹಾಡಿಗಳ ಜನರಿಗೆ ತಮ್ಮದೇ ನುಡಿಗಳಿವೆ. ಕತ್ತಿನಲ್ಲಿ ಕೊಳವೆಯಿರುವ ರೋಗಿ ಸದ್ದಿಲ್ಲದೆ ತುಟಿ ಆಡಿಸಿದಾಗ, ಆ ನುಡಿ ಗೊತ್ತಿರದ ನರ್ಸಿಗೆ ತುಟಿಯ ಚಲನೆ ಕಂಡರೂ ಅರ್ಥವಾಗುವುದಿಲ್ಲ. ಹೊರಗೆ ಜಗಲಿಯಲ್ಲಿ ಕಾದು ಕುಳಿತ ಹೆಂಡತಿಯನ್ನೋ ಅಣ್ಣನನ್ನೋ ಒಳಗೆ ಕರೆದು ಹಾಸಿಗೆಯ ಪಕ್ಕ ನಿಲ್ಲಿಸಿದರೆ ಅದೇ ತುಟಿಯ ಮಾತನ್ನು ಅವರು ಓದಿ ಹೇಳಬಲ್ಲರು.