ಪಾಲಾರಿನ ನಾಲ್ವರು, ಕಂಬಾಲಪಲ್ಲಿಯ ಏಳು ಮಂದಿ

ವೀರಪ್ಪನ್ ಹೆಸರು ಎತ್ತಿದರೆ ನಮ್ಮ ಪೆರೇಸಂದ್ರದ ಕಡೆಯ ಜನಕ್ಕೆ ನೆನಪಾಗೋದು ಎರಡೇ: ಆ ಮೀಸೆ, ಮತ್ತೆ ರಾಜ್‌ಕುಮಾರ್ ಅಪಹರಣ. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಅಣ್ಣಾವ್ರನ್ನು ಎತ್ತಿಕೊಂಡು ಹೋದ, 108 ದಿನ ಕಾಡಿನಲ್ಲಿಟ್ಟುಕೊಂಡು ನವೆಂಬರ್ 15ಕ್ಕೆ ಬಿಟ್ಟ. ಇಷ್ಟು ಎಲ್ಲರಿಗೂ ಗೊತ್ತು. ಬದಲಿಗೆ ಅವನು ಯಾರ ಬಿಡುಗಡೆ ಕೇಳಿದ್ದ ಅಂದರೆ ಮಾತ್ರ ಯಾರೂ ಬಾಯಿ ಬಿಡೋದಿಲ್ಲ.

ಅವನ ಬೇಡಿಕೆಗಳಲ್ಲಿ ಒಂದು, ಮೈಸೂರು ಜೈಲಿನಲ್ಲಿ ಟಾಡಾ ಕಾಯ್ದೆಯಡಿ ವರ್ಷಗಟ್ಟಲೆ ಕೊಳೆಯುತ್ತಿದ್ದ 50ಕ್ಕೂ ಹೆಚ್ಚು ಜನರನ್ನು ಬಿಡಬೇಕು ಅನ್ನೋದು. ಸರ್ಕಾರ ಒಪ್ಪಿ ಟಾಡಾ ಆರೋಪ ಹಿಂದಕ್ಕೆ ಪಡೆಯಲು ಹೊರಟಿತು. ವೀರಪ್ಪನ್ ಕೈಯಲ್ಲಿ ಸತ್ತ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು 2000ದ ನವೆಂಬರಿನಲ್ಲಿ ಆ ಬಿಡುಗಡೆಯನ್ನು ತಡೆಯಿತು. ಮಗನನ್ನು ಕಳೆದುಕೊಂಡ ಆ ತಂದೆಯ ಸಂಕಟವನ್ನು ಹಗುರ ಮಾಡುವ ಹಕ್ಕು ನಮಗಾರಿಗೂ ಇಲ್ಲ. ಆದರೆ ಸರ್ಕಾರದ ನಡತೆ ನೋಡಿ. ನಿನ್ನೆಯವರೆಗೂ ಭಯಂಕರ ಉಗ್ರರಾಗಿದ್ದವರು ಒಬ್ಬ ನಟನ ಜೀವದ ಮುಂದೆ ರಾತ್ರೋರಾತ್ರಿ ಬಿಟ್ಟುಬಿಡಬಹುದಾದ ಮಂದಿ ಆಗಿಬಿಟ್ಟರು. ಹಾಗಾದರೆ ಅಷ್ಟು ವರ್ಷ ಅವರನ್ನು ಯಾಕೆ ಇಟ್ಟುಕೊಂಡಿದ್ದಿರಿ ಸ್ವಾಮಿ?

ಆ ಟಾಡಾ ಕೇಸುಗಳಲ್ಲಿ ದೊಡ್ಡದು ಪಾಲಾರಿನದು. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಹತ್ತಿರ ಪಾಲಾರಿನಲ್ಲಿ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಮುಂದಾಳಾಗಿದ್ದ ತಮಿಳುನಾಡಿನ ಅಧಿಕಾರಿ ಗೋಪಾಲಕೃಷ್ಣನ್ ಗಾಯಗೊಂಡು ಉಳಿದರು. ಸತ್ತವರು ಪೊಲೀಸರು, ಅರಣ್ಯ ಇಲಾಖೆಯವರು, ಅವರ ಜತೆ ಹೋಗಿದ್ದ ಮಾಹಿತಿದಾರರು. ಅವರ ಮನೆಗಳಲ್ಲೂ ಒಲೆ ಆರಿತು. ಆಮೇಲೆ ಕಾಡಂಚಿನ ಹಳ್ಳಿಗಳ ಮೇಲೆ ಕಾರ್ಯಪಡೆ ಇಳಿಯಿತು. ಅಲ್ಲಿ ಏನು ನಡೆಯಿತು ಅನ್ನೋದನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ಆ ಜನರ ಬಾಯಿಂದಲೇ ಕೇಳಿ ಬರೆದುಕೊಂಡಿತು. 2007ರಲ್ಲಿ ಮಾನವ ಹಕ್ಕು ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂದಿತು. ಏನೂ ನಡೆಯದೆ ಯಾರೂ ಪರಿಹಾರ ಕೊಡಿಸೋದಿಲ್ಲ.

2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ಸೈಮನ್, ಜ್ಞಾನಪ್ರಕಾಶ್, ಮೀಸೆಕಾರ ಮಾದಯ್ಯ, ಬಿಲವೇಂದ್ರನ್ ಎಂಬ ನಾಲ್ವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಕಾಡಂಚಿನ ಬಡವರು ಇವರು. ಸಾಕ್ಷಿ ಕೇಳಿದ, ಆರೋಪಿಗಳ ಮುಖ ನೋಡಿದ ನ್ಯಾಯಾಧೀಶರಿಗೆ ನೇಣು ಬೇಕೆನಿಸಲಿಲ್ಲ. ಟಾಡಾದಲ್ಲಿ ಹೈಕೋರ್ಟಿನ ಮೆಟ್ಟಿಲೇ ಇಲ್ಲ, ಮೇಲ್ಮನವಿ ನೇರ ದೆಹಲಿಗೆ. ನಾಲ್ವರೂ ಬಿಡುಗಡೆ ಕೇಳಿಕೊಂಡು ಅಲ್ಲಿಗೆ ಹೋದರು. 2004ರ ಜನವರಿ 29ರಂದು ಸುಪ್ರೀಂ ಕೋರ್ಟು ತಾನಾಗಿಯೇ ಜೀವಾವಧಿಯನ್ನು ಮರಣದಂಡನೆಗೆ ಏರಿಸಿತು. ಬಾಗಿಲು ತಟ್ಟಿದ್ದಕ್ಕೇ ತಲೆ ಕೊಡಬೇಕಾಯಿತು.

ವಿವಾದ ಇರೋದು ಇಲ್ಲೇ. ಹೈಕೋರ್ಟು ಬಿಡುಗಡೆಯನ್ನು ರದ್ದು ಮಾಡಿ ಗಲ್ಲು ಕೊಟ್ಟರೆ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕನ್ನು ಸಂವಿಧಾನದ 134ನೇ ವಿಧಿ ಕೊಡುತ್ತದೆ. ಕೊನೆಯ ಕೋರ್ಟೇ ಮೊದಲ ಬಾರಿಗೆ ಗಲ್ಲು ಕೊಟ್ಟರೆ ಹೋಗೋದೆಲ್ಲಿಗೆ? ಮರುಪರಿಶೀಲನೆ ಅಂತ ಅದೇ ಬಾಗಿಲಿಗೆ ಬರಬೇಕು, ಇಲ್ಲ ರಾಷ್ಟ್ರಪತಿಯ ಕಾಲು ಹಿಡಿಯಬೇಕು.

ಆ ಕಾಲದ ಗಾಳಿಯನ್ನೂ ನೆನೆಯಬೇಕು. 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪನವರನ್ನು ವೀರಪ್ಪನ್ ಅಪಹರಿಸಿದ. ಡಿಸೆಂಬರ್ 8ಕ್ಕೆ ಕಾಡಿನಲ್ಲಿ ಅವರ ಹೆಣ ಸಿಕ್ಕಿತು. ಎರಡು ರಾಜ್ಯಗಳ ಪೊಲೀಸರಿಗೆ ಅವನು ಸಿಕ್ಕಿರಲಿಲ್ಲ. ನಾಲ್ವರಿಗೆ ಗಲ್ಲು ಆದ ದಿನವೂ ಅವನು ಕಾಡಿನಲ್ಲೇ ಇದ್ದ, ಸತ್ತದ್ದು ಅದೇ ವರ್ಷದ ಅಕ್ಟೋಬರ್ 18ಕ್ಕೆ. ರಾಜ್‌ಕುಮಾರ್ ಅಪಹರಣದ ಕೇಸಿನಲ್ಲಿ ಕೊನೆಗೆ ಉಳಿದಿದ್ದ ಒಂಬತ್ತು ಆರೋಪಿಗಳು 2018ರಲ್ಲಿ ಗೋಬಿಚೆಟ್ಟಿಪಾಳ್ಯಂ ಕೋರ್ಟಿನಲ್ಲಿ ಖುಲಾಸೆಯಾದರು. ಯಾರ ಮೇಲೆ ನಾಡಿನ ಸಿಟ್ಟಿತ್ತೋ ಅವನಿಗೆ ಕುಣಿಕೆ ಎಟುಕಲಿಲ್ಲ, ಎಟುಕಿದ್ದು ಜೈಲಿನಲ್ಲಿ ಕೈಗೆ ಸಿಕ್ಕಿದ್ದವರಿಗೆ. ನಾನು ಹಾಗೆಯೇ ಓದುತ್ತೇನೆ.

ಈಗ ನಮ್ಮ ಸೀಮೆಗೆ ಬನ್ನಿ. ರಾಜ್‌ಕುಮಾರ್ ಅಪಹರಣಕ್ಕೆ ನಾಲ್ಕು ತಿಂಗಳು ಮೊದಲು, 2000ದ ಮಾರ್ಚ್ 11ರ ರಾತ್ರಿ, ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಮೇಲ್ಜಾತಿಯವರ ಗುಂಪು ಹಚ್ಚಿದ ಬೆಂಕಿಯಲ್ಲಿ ಏಳು ಮಂದಿ ದಲಿತರು ಮನೆಯೊಳಗೇ ಸುಟ್ಟುಹೋದರು. ಅಲ್ಲಿ ಯಾವ ಟಾಡಾ, ಯಾವ ಕಾರ್ಯಪಡೆ? ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿಬಿದ್ದರು. ಅನ್ನ ಹುಟ್ಟಬೇಕಾದ ಹೊಲ ಆರೋಪಿಗಳದೇ ಆದಾಗ ನಾಲಿಗೆ ಹೇಗೆ ತಾನೆ ಏಳಬೇಕು? 2006ರಲ್ಲಿ ಆರೋಪಿಗಳು ಬಿಡುಗಡೆಯಾದರು.

ಅವರಿಗೂ ಗಲ್ಲು ಹಾಕಿ ಅಂತ ನಾನು ಕೇಳುತ್ತಿಲ್ಲ ಗೆಳೆಯರೇ. ಮರಣದಂಡನೆ ಆದವರಿಗೆ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕು ಬೇಕೇ ಎಂಬ ಚರ್ಚೆ 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ನಡೆದಾಗ, ಬಾಬಾಸಾಹೇಬರು ಅದಕ್ಕಿಂತ ಮರಣದಂಡನೆಯನ್ನೇ ತೆಗೆದುಹಾಕುವುದು ಮೇಲು ಅಂದಿದ್ದರು. ನಾನು ಕೇಳೋದು ಬೇರೆ. ಪಾಲಾರಿಗಾಗಿ ಕಾನೂನು ತನ್ನಷ್ಟಕ್ಕೆ ತಾನೇ ಎದ್ದು ನಿಂತಿತಲ್ಲ, ಕಂಬಾಲಪಲ್ಲಿಗೆ ಯಾಕೆ ಏಳಲಿಲ್ಲ?

ನಾಲ್ವರ ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ದೆಹಲಿಯಲ್ಲಿ ಧೂಳು ತಿಂದಿತು. 2013ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ತಿರಸ್ಕರಿಸಿದಾಗ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವರು ದಿನ ಎಣಿಸತೊಡಗಿದರು. ಕೋರ್ಟಿನ ತಡೆ ಬಂತು. 2014ರ ಜನವರಿ 21ರಂದು ಮುಖ್ಯ ನ್ಯಾಯಮೂರ್ತಿ ಸದಾಶಿವಂ ಅವರ ಪೀಠ, ವಿಳಂಬವೇ ಒಂದು ಹಿಂಸೆ ಎಂದು 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅದರಲ್ಲಿ ಈ ನಾಲ್ವರೂ ಇದ್ದರು. ಟಾಡಾ ಕೈದಿಯಾದರೂ ಈ ಮಾತು ಅನ್ವಯಿಸುತ್ತದೆ ಎಂದೂ ಅದು ಹೇಳಿತು.

ಅದೇ 2014ರಲ್ಲಿ ನಮ್ಮ ಹೈಕೋರ್ಟು ಕಂಬಾಲಪಲ್ಲಿಯ ಬಿಡುಗಡೆಯನ್ನು ಎತ್ತಿಹಿಡಿಯಿತು. ಜ್ಞಾನಪ್ರಕಾಶ್ ಕಾಯಿಲೆ ಬಿದ್ದು ಜೈಲಿನಿಂದ ಹೊರಗೆ ಬಂದದ್ದು 2022ರ ಡಿಸೆಂಬರಿನಲ್ಲಿ.