ಕುಸುಬೆ (ಕಾರ್ಥಮಸ್)

ಕುಸುಬೆಯು ಸೂರ್ಯಕಾಂತಿ, ಸೇವಂತಿಗೆ ಮತ್ತು ಹುಚ್ಚೆಳ್ಳುಗಳು ಸೇರಿರುವ ಆಸ್ಟರೇಸೀ ಕುಟುಂಬದ ಮುಳ್ಳುಳ್ಳ ಎಣ್ಣೆಬೀಜದ ಸಸ್ಯ. ಇದು ಕಾರ್ಥಮಸ್ ಎಂಬ ಕುಲಕ್ಕೆ ಸೇರಿದೆ. ಈ ಕುಲದ ಸಸ್ಯಗಳಲ್ಲಿ ಬೇಸಾಯಕ್ಕೆ ಒಳಪಟ್ಟಿರುವುದು ಕಾರ್ಥಮಸ್ ಟಿಂಕ್ಟೋರಿಯಸ್ ಎಂಬ ಒಂದೇ ಪ್ರಭೇದ. ಉಳಿದವು ಕಾಡುಗಿಡಗಳು ಅಥವಾ ಹೊಲದ ಕಳೆಗಳು. ಭಾರತದಲ್ಲಿ ಕುಸುಬೆಯ ಬೇಸಾಯವು ಮುಖ್ಯವಾಗಿ ಮಹಾರಾಷ್ಟ್ರ ಮತ್ತು ಕರ್ನಾಟಕ ರಾಜ್ಯಗಳಿಗೆ ಸೇರಿದ ದಖ್ಖನ್ ಪ್ರಸ್ಥಭೂಮಿಯ ಕಪ್ಪುಮಣ್ಣಿನ ಪ್ರದೇಶದಲ್ಲಿದೆ. ಕರ್ನಾಟಕದ ರಾಯಚೂರು, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳು ಈ ಪ್ರದೇಶದೊಳಗೆ ಬರುತ್ತವೆ. ಒಂದು ಕಾಲಕ್ಕೆ ಇಲ್ಲಿನ ಹಿಂಗಾರಿ ಜೋಳ ಮತ್ತು ಕಡಲೆಯ ಹೊಲಗಳಲ್ಲಿ ಸಾಮಾನ್ಯವಾಗಿದ್ದ ಈ ಬೆಳೆಯು ನೀರಾವರಿ, ಹತ್ತಿ ಮತ್ತು ಕೂಲಿಯ ಅಭಾವದ ಕಾರಣದಿಂದ ಹಿಂದೆ ಸರಿದಿದೆ.

ಹೆಸರು

ಕನ್ನಡದಲ್ಲಿ ಕುಸುಬೆ, ಕುಸುಮೆ ಎಂಬ ರೂಪಗಳಿವೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಕುಸುಬಿ ಎನ್ನುವುದೇ ರೂಢಿ. ಸಂಸ್ಕೃತದಲ್ಲಿ ಇದು ಕುಸುಂಭ, ರಾಯಚೂರಿನ ನೆರೆಯ ತೆಲುಗು ನಾಡಿನಲ್ಲಿ ಕುಸುಮ, ಮರಾಠಿಯಲ್ಲಿ ಕರಡಿ ಅಥವಾ ಕರಡಈ. ಕಾರ್ಥಮಸ್ ಎಂಬ ಕುಲನಾಮವು ಕುರ್ತುಮ್ ಎಂಬ ಅರಬ್ಬೀ ಪದದಿಂದ ಬಂದಿದೆ. ಟಿಂಕ್ಟೋರಿಯಸ್ ಎಂಬ ಲ್ಯಾಟಿನ್ ಪದಕ್ಕೆ ಬಣ್ಣ ಹಾಕಲು ಬಳಸುವಂಥದು ಎಂದರ್ಥ. ಸಸ್ಯವನ್ನು ಮೊದಲು ಬಣ್ಣಕ್ಕಾಗಿ, ಅನಂತರ ಎಣ್ಣೆಗಾಗಿ ಬೆಳೆದ ಚರಿತ್ರೆಯನ್ನು ಈ ಹೆಸರೇ ಸೂಚಿಸುತ್ತದೆ.

ಕುಸುಬೆಯ ಹೂವಿನ ಎಸಳುಗಳನ್ನು ಕೇಸರಿಯಲ್ಲಿ ಬೆರಕೆ ಮಾಡುವುದುಂಟು. ಆದರೆ ಕೇಸರಿಯು ಐರಿಡೇಸೀ ಎಂಬ ಬೇರೊಂದು ಕುಟುಂಬದ ಕ್ರೋಕಸ್ ಗಿಡದ ಶಲಾಕಾಗ್ರ. ಎರಡಕ್ಕೂ ಬಣ್ಣದ ಹೋಲಿಕೆಯ ಹೊರತು ಸಂಬಂಧವಿಲ್ಲ. ಹೊಲದ ಬದುಗಳಲ್ಲಿ ಕಾಣುವ, ಹಳದಿ ಹೂ ಬಿಡುವ ಮುಳ್ಳುಗಿಡವಾದ ದತ್ತೂರಿಯನ್ನೂ ಕುಸುಬೆಯ ಬಳಗವೆಂದು ತಿಳಿಯಬಾರದು. ದತ್ತೂರಿಯು ಅಫೀಮಿನ ಕುಟುಂಬದ್ದು, ಅದರ ಬೀಜದ ಎಣ್ಣೆ ವಿಷಕಾರಿ.

ವರ್ಗೀಕರಣ ಮತ್ತು ಪ್ರಭೇದಗಳು

ಕಾರ್ಥಮಸ್ ಕುಲವನ್ನು ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ. ಈ ಕುಲವು ಮೆಡಿಟರೇನಿಯನ್ ತೀರದಿಂದ ಮಧ್ಯ ಏಷ್ಯಾದವರೆಗಿನ ಒಣ ನಾಡುಗಳಿಗೆ ಸಹಜವಾದುದು. ಇದರಲ್ಲಿ ಸೇರಿಸಬೇಕಾದ ಪ್ರಭೇದಗಳೆಷ್ಟು ಎಂಬ ವಿಷಯದಲ್ಲಿ ಸಸ್ಯಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ವರ್ಣತಂತುಗಳ ಸಂಖ್ಯೆಯು ವರ್ಗೀಕರಣಕ್ಕೆ ಒಂದು ಮುಖ್ಯ ಆಧಾರವಾಗಿದೆ. ಕೃಷಿಯ ಕುಸುಬೆಯಲ್ಲಿ 24 ವರ್ಣತಂತುಗಳಿವೆ. ಇದೇ ಸಂಖ್ಯೆಯುಳ್ಳ ಕಾರ್ಥಮಸ್ ಪ್ಯಾಲೆಸ್ಟೀನಸ್ ಎಂಬ ಪಶ್ಚಿಮ ಏಷ್ಯಾದ ಕಾಡುಗಿಡವನ್ನು ಕುಸುಬೆಯ ಮೂಲವೆಂದು ಪರಿಗಣಿಸಲಾಗಿದೆ. ಕಾರ್ಥಮಸ್ ಆಕ್ಸಿಅಕ್ಯಾಂಥಸ್ ಎಂಬ ಇನ್ನೊಂದು ಹತ್ತಿರದ ಪ್ರಭೇದವು ಪಂಜಾಬ್, ಹರಿಯಾಣ ಮತ್ತು ಪಾಕಿಸ್ತಾನದಲ್ಲಿ ಗೋಧಿ ಹೊಲದ ಉಗ್ರ ಕಳೆಯಾಗಿದೆ. 44 ವರ್ಣತಂತುಗಳುಳ್ಳ ಕಾರ್ಥಮಸ್ ಲನೇಟಸ್ ಆಸ್ಟ್ರೇಲಿಯಾದ ಹುಲ್ಲುಗಾವಲುಗಳಲ್ಲಿ ಕಳೆಯಾಗಿ ಹರಡಿದೆ. ದನಕರುಗಳು ಬಾಯಿ ಹಾಕಲಾರದ ಮುಳ್ಳುಗಳೇ ಈ ಗಿಡಗಳು ಮೇವಿನ ನೆಲದಲ್ಲಿ ಉಳಿದು ಹಬ್ಬಲು ಮುಖ್ಯ ಕಾರಣ.

ಸಸ್ಯ ಲಕ್ಷಣಗಳು

ಕುಸುಬೆಯು ವಾರ್ಷಿಕ ಸಸ್ಯ. ಎತ್ತರ ಸಾಮಾನ್ಯವಾಗಿ 30ರಿಂದ 150 ಸೆಂ.ಮೀ. ಮೊಳಕೆಯೊಡೆದ ಕೆಲವು ವಾರಗಳವರೆಗೆ ಎಲೆಗಳು ನೆಲಕ್ಕೆ ಹತ್ತಿಕೊಂಡು ವೃತ್ತಾಕಾರವಾಗಿ ಹರಡಿರುತ್ತವೆ. ಈ ಎಳೆಯ ಎಲೆಗಳಲ್ಲಿ ಮುಳ್ಳು ಇರುವುದಿಲ್ಲ, ಇದ್ದರೂ ಮೆದುವಾಗಿರುತ್ತದೆ. ಆಮೇಲೆ ಕಾಂಡವು ಎದ್ದು ನಿಂತು ಕವಲೊಡೆಯುತ್ತದೆ. ಮೇಲಕ್ಕೆ ಹೋದಂತೆ ಎಲೆಗಳು ಗಡುಸಾಗಿ, ಅವುಗಳ ಅಂಚಿನಲ್ಲಿ ಮುಳ್ಳುಗಳು ಬಲಿಯುತ್ತವೆ. ಹೂಗೊಂಡೆಯನ್ನು ಸುತ್ತುವರಿದ ಹಸುರು ಪತ್ರಗಳಲ್ಲಿ ಮುಳ್ಳು ಅತ್ಯಂತ ಚೂಪು.

ಪ್ರತಿ ಕವಲಿನ ತುದಿಯಲ್ಲಿ ಒಂದು ಚೆಂಡುಮಂಜರಿ ಇರುತ್ತದೆ. ಅದರಲ್ಲಿ ಕೊಳವೆಯಾಕಾರದ ಅನೇಕ ಕಿರುಹೂಗಳು ಒತ್ತಾಗಿ ಸೇರಿರುತ್ತವೆ. ಸೂರ್ಯಕಾಂತಿಯಲ್ಲಿರುವಂತೆ ಸುತ್ತಲೂ ಅಗಲವಾದ ಎಸಳುಗಳಿರುವುದಿಲ್ಲ. ಹೂವಿನ ಬಣ್ಣ ಹಳದಿ ಅಥವಾ ಕಿತ್ತಳೆ, ಬಾಡಿದಂತೆ ಕೆಂಪಿಗೆ ತಿರುಗುವುದು ಹೆಚ್ಚು. ಬಿಳಿ ಮತ್ತು ಕೆಂಪು ಹೂವಿನ ಬಗೆಗಳೂ ಇವೆ. ಬೀಜವು ನಾಲ್ಕು ಮೂಲೆಗಳುಳ್ಳ, ಬಿಳಿಯ ಗಟ್ಟಿ ಸಿಪ್ಪೆಯ ಒಣಫಲ. ಬಲಿತ ಮೇಲೂ ಅದು ಗೊಂಡೆಯೊಳಗೇ ಉಳಿಯುತ್ತದೆ, ಎಳ್ಳಿನಂತೆ ಸಿಡಿದು ಉದುರುವುದಿಲ್ಲ.

ತಾಯಿಬೇರು ಗಡುಸಾಗಿ ನೇರ ಕೆಳಗಿಳಿಯುತ್ತದೆ. ಆಳವಾದ ಮಣ್ಣಿನಲ್ಲಿ ಅದು 2 ಮೀಟರಿಗೂ ಹೆಚ್ಚು ಆಳಕ್ಕೆ ಹೋಗಬಲ್ಲದು. ಮೇಲ್ಪದರ ಒಣಗಿದ ಮೇಲೂ ಆಳದ ತೇವವನ್ನು ಹೀರುವ ಈ ಶಕ್ತಿಯೇ ಕುಸುಬೆಯನ್ನು ಬರ ಸಹಿಸುವ ಬೆಳೆಯನ್ನಾಗಿಸಿದೆ.

ರಾಯಚೂರು ಸೀಮೆಯ ನೆಲ ಮತ್ತು ಹವೆ

ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ ನದಿಗಳು ಹರಿಯುತ್ತವೆ. ಕರ್ನಾಟಕದ ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ರಾಯಚೂರು, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳು ಈಶಾನ್ಯ ಒಣ ವಲಯಕ್ಕೆ ಸೇರಿವೆ. ವಾರ್ಷಿಕ ಮಳೆ ಸುಮಾರು 600ರಿಂದ 700 ಮಿ.ಮೀ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಎರೆಭೂಮಿ ಎಂದು ಕರೆಯುವ ಇಲ್ಲಿನ ಆಳವಾದ ಕಪ್ಪುಮಣ್ಣು ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟುಕೊಂಡು, ಬೇಸಗೆಯಲ್ಲಿ ಬಿರುಕು ಬಿಡುತ್ತದೆ. ಹಿಂಗಾರಿ ಬೇಸಾಯವು ಈ ಸಂಗ್ರಹಿತ ತೇವವನ್ನೇ ನಂಬಿದೆ. ಬಿತ್ತಿದ ಮೇಲೆ ಮಳೆ ಬಾರದಿದ್ದರೂ ಬೆಳೆ ಕೈಗೆ ಬರಬೇಕು. ಜೋಳ, ಕಡಲೆ ಮತ್ತು ಕುಸುಬೆ ಈ ಷರತ್ತಿಗೆ ಒಪ್ಪುವ ಬೆಳೆಗಳು. ಇವುಗಳಲ್ಲಿ ಬೇರು ಅತ್ಯಂತ ಆಳಕ್ಕೆ ಇಳಿಯುವುದು ಕುಸುಬೆಯದು.

ಬೇಸಾಯ ಕ್ರಮ

ಸೆಪ್ಟೆಂಬರ್ ಎರಡನೆಯ ಪಕ್ಷದಿಂದ ಅಕ್ಟೋಬರ್ ತಿಂಗಳವರೆಗೆ ಕೂರಿಗೆಯಿಂದ ಬಿತ್ತನೆ ನಡೆಯುತ್ತದೆ. ಸಾಲಿನಿಂದ ಸಾಲಿಗೆ 45ರಿಂದ 60 ಸೆಂ.ಮೀ. ಅಂತರ ಬಿಡುವುದು ವಾಡಿಕೆ. ಮೊದಲ ತಿಂಗಳಲ್ಲಿ ಗಿಡ ನಿಧಾನವಾಗಿ ಬೆಳೆಯುವುದರಿಂದ ಆಗಲೇ ಎಡೆ ಹೊಡೆದು ಕಳೆ ತೆಗೆಯಬೇಕು. ಮುಳ್ಳು ಬಲಿತ ಮೇಲೆ ಸಾಲುಗಳ ನಡುವೆ ಎತ್ತಾಗಲಿ ಮನುಷ್ಯರಾಗಲಿ ಓಡಾಡುವುದು ಕಷ್ಟ. ದಟ್ಟವಾಗಿ ಹುಟ್ಟಿದ ಸಸಿಗಳನ್ನು ಕಿತ್ತು ತೆಳುಗೊಳಿಸುತ್ತಾರೆ. ಹಾಗೆ ಕಿತ್ತ ಸಸಿಗಳು ಸೊಪ್ಪಾಗಿ ಅಡುಗೆಗೆ ಬರುತ್ತವೆ.

ಬೆಳೆಯ ಅವಧಿ ಸುಮಾರು 120ರಿಂದ 140 ದಿನ. ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಗಿಡವು ಪೂರ್ತಿ ಒಣಗಿ ಕಂದುಬಣ್ಣಕ್ಕೆ ತಿರುಗಿದಾಗ ಕೊಯ್ಲು ಮಾಡುತ್ತಾರೆ. ಶುದ್ಧ ಬೆಳೆಯಾಗಿ ಬೆಳೆಯುವುದಕ್ಕಿಂತ ಕಡಲೆ ಅಥವಾ ಜೋಳದ ನಡುವೆ ಅಕ್ಕಡಿ ಸಾಲುಗಳಾಗಿ ಬಿತ್ತುವುದು ದಖ್ಖನ್ನಿನ ಹಳೆಯ ಪದ್ಧತಿ. ಕಡಲೆಯ ಬೇರು ಮೇಲಿನ ಪದರದ ತೇವವನ್ನೂ ಕುಸುಬೆಯ ಬೇರು ಆಳದ ತೇವವನ್ನೂ ಬಳಸುವುದರಿಂದ ಒಂದೇ ಹೊಲದಲ್ಲಿ ಎರಡೂ ಬಾಳುತ್ತವೆ. ಒಂದು ಕೈಕೊಟ್ಟರೂ ಇನ್ನೊಂದು ರೈತನ ಕೈ ಹಿಡಿಯುತ್ತದೆ.

ಮುಳ್ಳಿನ ಉಪಯೋಗ ಮತ್ತು ತೊಂದರೆ

ಬೇಲಿಯಿಲ್ಲದ ಎರೆಹೊಲಗಳಲ್ಲಿ ಕುಸುಬೆಯೇ ಬೇಲಿಯಾಗುತ್ತಿತ್ತು. ಜೋಳ, ಗೋಧಿ ಅಥವಾ ಕಡಲೆಯ ಹೊಲದ ಸುತ್ತ ಕೆಲವು ಸಾಲು ಕುಸುಬೆ ಬಿತ್ತಿದರೆ ದನ ಮತ್ತು ಆಡುಗಳು ಒಳಗೆ ನುಗ್ಗುತ್ತಿರಲಿಲ್ಲ. ಕೂಲಿಯಿಲ್ಲದ ಕಾವಲಿನ ಜೊತೆಗೆ ಮನೆಗೆ ಬೇಕಾದ ಎಣ್ಣೆಯೂ ದೊರೆಯುತ್ತಿತ್ತು.

ಅದೇ ಮುಳ್ಳು ಕೊಯ್ಲಿನ ವೇಳೆಗೆ ತೊಡಕಾಗುತ್ತದೆ. ಬಿಸಿಲೇರಿದಂತೆ ಒಣಗಿದ ಮುಳ್ಳು ಗಡುಸಾಗುವುದರಿಂದ, ಇಬ್ಬನಿಯಿಂದ ಅದು ಮೆತ್ತಗಿರುವ ಬೆಳಗಿನ ಜಾವದಲ್ಲಿ ಕೊಯ್ಯುತ್ತಾರೆ. ಕೈಕಾಲುಗಳಿಗೆ ದಪ್ಪ ಬಟ್ಟೆ ಸುತ್ತಿಕೊಳ್ಳುವುದು ಅನಿವಾರ್ಯ. ಕೊಯ್ದ ಗಿಡಗಳನ್ನು ಹೊಲದಲ್ಲಿ ಗುಡ್ಡೆ ಹಾಕಿ ಒಣಗಿಸಿ, ಕೋಲಿನಿಂದ ಬಡಿದು ಅಥವಾ ಮೇಲೆ ಟ್ರ್ಯಾಕ್ಟರ್ ಓಡಿಸಿ ರಾಶಿ ಮಾಡುತ್ತಾರೆ. ಬೀಜ ಉದುರದ ಗುಣದಿಂದಾಗಿ ಕಂಬೈನ್ ಯಂತ್ರದ ಕೊಯ್ಲಿಗೆ ಕುಸುಬೆ ಒಗ್ಗುತ್ತದೆ. ಆದರೆ ಚಿಕ್ಕ ಹಿಡುವಳಿಗಳಿಗೆ, ಅದರಲ್ಲೂ ಅಕ್ಕಡಿ ಸಾಲುಗಳಿಗೆ, ಯಂತ್ರ ತರುವುದು ಸುಲಭವಲ್ಲ.

ರೋಗ ಮತ್ತು ಕೀಟಗಳು

ಸಸ್ಯಹೇನು ಕುಸುಬೆಯ ಪ್ರಮುಖ ಕೀಟ. ಕಪ್ಪು ಬಣ್ಣದ ಈ ಹೇನುಗಳು ಎಳೆಯ ತುದಿಗಳಲ್ಲಿ ಮುತ್ತಿ ರಸ ಹೀರುತ್ತವೆ. ತಡವಾಗಿ ಬಿತ್ತಿದ ಬೆಳೆಯಲ್ಲಿ ಇದರ ಬಾಧೆ ಹೆಚ್ಚು. ಫ್ಯುಸೇರಿಯಂ ಶಿಲೀಂಧ್ರದಿಂದ ಬರುವ ಸೊರಗು ರೋಗ ಮತ್ತು ಆಲ್ಟರ್ನೇರಿಯಾ ಎಲೆಚುಕ್ಕೆ ರೋಗಗಳು ಮುಖ್ಯವಾದವು. ನೀರು ನಿಲ್ಲುವ ನೆಲದಲ್ಲಿ ಬೇರು ಕೊಳೆತು ಗಿಡ ಬೇಗನೆ ಸಾಯುತ್ತದೆ. ಬರವನ್ನು ಸಹಿಸುವ ಕುಸುಬೆ ಹೆಚ್ಚಿನ ನೀರನ್ನು ಸಹಿಸುವುದಿಲ್ಲ. ಮಣ್ಣಿನ ಉಪ್ಪಿನಂಶವನ್ನು ಮಾತ್ರ ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ.

ಎಣ್ಣೆ ಮತ್ತು ಆಹಾರ

ಬೀಜದಲ್ಲಿ ತಳಿಗೆ ಅನುಗುಣವಾಗಿ ಸುಮಾರು ಶೇ. 25ರಿಂದ 35ರಷ್ಟು ಎಣ್ಣೆ ಇರುತ್ತದೆ. ಸಾಮಾನ್ಯ ಕುಸುಬೆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇ. 70ಕ್ಕೂ ಹೆಚ್ಚು ಭಾಗ ಲಿನೋಲಿಯಿಕ್ ಆಮ್ಲ. ಓಲಿಯಿಕ್ ಆಮ್ಲ ಅಧಿಕವಾಗಿರುವ ತಳಿಗಳೂ ಇದ್ದು, ಅವುಗಳ ಎಣ್ಣೆ ಕಾಯಿಸಿದಾಗ ಹೆಚ್ಚು ಸ್ಥಿರವಾಗಿರುತ್ತದೆ. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಪದರವಾಗುವುದರಿಂದ ಬಣ್ಣ ಮತ್ತು ವಾರ್ನಿಷ್ ತಯಾರಿಕೆಗೂ ಬಳಕೆಯಾಗಿದೆ. ಸಿಪ್ಪೆ ತೆಗೆದು ಅರೆದ ಬೀಜದ ಹಿಂಡಿ ದನಗಳಿಗೆ ಮೇವು, ಸಿಪ್ಪೆಸಹಿತವಾದುದು ಹೊಲಕ್ಕೆ ಗೊಬ್ಬರ.

ಉತ್ತರ ಕರ್ನಾಟಕದ ಅಡುಗೆಯಲ್ಲಿ ಗಾಣದ ಕುಸುಬಿ ಎಣ್ಣೆಗೆ ವಿಶೇಷ ಸ್ಥಾನವಿದೆ. ಎಳೆಯ ಎಲೆಗಳ ಪಲ್ಯವನ್ನು ಜೋಳದ ರೊಟ್ಟಿಯೊಂದಿಗೆ ತಿನ್ನುತ್ತಾರೆ. ಬೀಜವನ್ನು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿದಾಗ ದೊರೆಯುವ ಬಿಳಿಯ ದ್ರವಕ್ಕೆ ಕುಸುಬಿ ಹಾಲು ಎಂದು ಹೆಸರು. ಗೋಧಿ, ಬೆಲ್ಲ ಮತ್ತು ಈ ಹಾಲು ಸೇರಿಸಿ ಕುಸುಬಿ ಹುಗ್ಗಿ ಮಾಡುತ್ತಾರೆ. ತೆಂಗು ವಿರಳವಾದ ಎರೆನಾಡಿನಲ್ಲಿ ಕರಾವಳಿಯ ತೆಂಗಿನ ಹಾಲಿನ ಕೆಲಸವನ್ನು ಕುಸುಬಿ ಹಾಲು ಮಾಡಿದೆ ಎನ್ನಬಹುದು.

ಬಣ್ಣ

ಹೂವಿನ ಎಸಳುಗಳಲ್ಲಿ ಎರಡು ಬಗೆಯ ಬಣ್ಣಗಳಿವೆ. ಹಳದಿಯು ನೀರಿನಲ್ಲಿ ಕರಗಿ ಹೋಗುತ್ತದೆ. ಕಾರ್ಥಮಿನ್ ಎಂಬ ಕೆಂಪು ನೀರಿನಲ್ಲಿ ಕರಗುವುದಿಲ್ಲ. ಹಳದಿಯನ್ನು ತೊಳೆದು ತೆಗೆದು, ಉಳಿದ ಎಸಳನ್ನು ಕ್ಷಾರದ ನೀರಿನಲ್ಲಿ ನೆನೆಸಿ, ಅನಂತರ ಹುಳಿ ಸೇರಿಸಿದಾಗ ಕೆಂಪು ಬಣ್ಣ ಬಟ್ಟೆಗೆ ಹಿಡಿಯುತ್ತದೆ. ಪ್ರಾಚೀನ ಈಜಿಪ್ಟಿನ ಸಮಾಧಿಗಳಲ್ಲಿ ಕುಸುಬೆಯ ಬಣ್ಣದ ಬಟ್ಟೆಗಳೂ ಹೂಮಾಲೆಗಳೂ ದೊರೆತಿವೆ. ಜಪಾನಿನಲ್ಲಿ ಬೆನಿ ಎಂಬ ತುಟಿಬಣ್ಣವನ್ನು ಇದರಿಂದ ತಯಾರಿಸುತ್ತಾರೆ. ಬಿಸಿಲಿಗೆ ಬೇಗ ಮಾಸುವುದು ಈ ಬಣ್ಣದ ದೋಷ. 1856ರಲ್ಲಿ ವಿಲಿಯಂ ಪರ್ಕಿನ್ ಮೊದಲ ಕೃತಕ ಅನಿಲಿನ್ ಬಣ್ಣವನ್ನು ಕಂಡುಹಿಡಿದ ಮೇಲೆ ಬಂದ ಅಗ್ಗದ ಬಣ್ಣಗಳ ಎದುರು ಕುಸುಬೆ ಬಣ್ಣದ ವ್ಯಾಪಾರ ಕುಸಿಯಿತು. ಭಾರತದಲ್ಲಿ ಬೆಳೆ ಎಣ್ಣೆಬೀಜವಾಗಿ ಉಳಿಯಿತು.

ಬೇಸಾಯದ ಇಳಿಮುಖ

1980ರ ದಶಕದಲ್ಲಿ ಭಾರತದಲ್ಲಿ ಹಲವು ಲಕ್ಷ ಹೆಕ್ಟೇರುಗಳಲ್ಲಿದ್ದ ಕುಸುಬೆಯು ಇತ್ತೀಚಿನ ವರ್ಷಗಳಲ್ಲಿ ಒಂದು ಲಕ್ಷ ಹೆಕ್ಟೇರಿಗಿಂತಲೂ ಕೆಳಗೆ ಇಳಿದಿದೆ. 1986ರಲ್ಲಿ ಆರಂಭವಾದ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ದೇಶದ ಎಣ್ಣೆಬೀಜ ಉತ್ಪಾದನೆಯನ್ನು ಹೆಚ್ಚಿಸಿತು. 1990ರ ದಶಕದಲ್ಲಿ ಖಾದ್ಯ ತೈಲದ ಆಮದು ಸಡಿಲಗೊಂಡು, ಅಗ್ಗದ ತಾಳೆ ಎಣ್ಣೆ ಮಾರುಕಟ್ಟೆಗೆ ಬಂದ ಮೇಲೆ ದೇಶೀಯ ಬೀಜಗಳಿಗೆ ಪೈಪೋಟಿ ಕಠಿಣವಾಯಿತು. ಹಿಂಗಾರಿನ ಕುಸುಬೆಗೆ ಕೇಂದ್ರ ಸರ್ಕಾರ ಕನಿಷ್ಠ ಬೆಂಬಲ ಬೆಲೆ ಪ್ರಕಟಿಸುತ್ತದೆ. ಆದರೂ ರೈತರು ಮುಳ್ಳಿಲ್ಲದ, ಅಲ್ಪಾವಧಿಯ ಕಡಲೆಯ ಕಡೆಗೆ ತಿರುಗಿದ್ದಾರೆ.

ರಾಯಚೂರು ಸೀಮೆಯಲ್ಲಿ ಈ ಬದಲಾವಣೆಗೆ ನೀರಾವರಿಯೂ ಸೇರಿದೆ. ಮಾನ್ವಿ ಮತ್ತು ರಾಯಚೂರು ತಾಲ್ಲೂಕುಗಳ ಭಾಗಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯಿಂದ, ದೇವದುರ್ಗದ ಕಡೆಗೆ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಬಲದಂಡೆ ಕಾಲುವೆಯಿಂದ ನೀರು ಬಂದಿತು. ನೀರು ತಲುಪಿದ ಹೊಲಗಳು ಭತ್ತ, ಹತ್ತಿ ಮತ್ತು ಮೆಣಸಿನಕಾಯಿಗೆ ತೆರೆದವು. ನೀರು ನಿಲ್ಲುವ ಭತ್ತದ ಗದ್ದೆ ಕುಸುಬೆಗೆ ಒಗ್ಗದು. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತ ಮೇಲೆ ಮಳೆಯಾಶ್ರಿತ ಎರೆಭೂಮಿಯಲ್ಲೂ ಹತ್ತಿ ವಿಸ್ತರಿಸಿತು. ಹತ್ತಿಯ ಬಿಡಿಸುವಿಕೆ ಚಳಿಗಾಲದವರೆಗೂ ಮುಂದುವರಿಯುವುದರಿಂದ ಆ ಹೊಲದಲ್ಲಿ ಹಿಂಗಾರಿ ಬಿತ್ತನೆಗೆ ಅವಕಾಶವಿಲ್ಲ. ಹೀಗೆ ನೀರಿರುವ ನೆಲವನ್ನು ಭತ್ತಕ್ಕೂ ನೀರಿಲ್ಲದ ನೆಲವನ್ನು ಹತ್ತಿ, ಕಡಲೆಗಳಿಗೂ ಕುಸುಬೆ ಬಿಟ್ಟುಕೊಟ್ಟಿತು. ಬೆಳೆ ಕಡಿಮೆಯಾದಂತೆ ಎಳೆಯ ಸೊಪ್ಪು, ಹುಗ್ಗಿಯ ಹಾಲು ಮತ್ತು ಗಾಣದ ಎಣ್ಣೆ ಹೊಲದಿಂದಲೇ ಮನೆಗೆ ಬರುವ ವ್ಯವಸ್ಥೆಯೂ ಕುಗ್ಗಿತು.

ತಳಿಗಳು ಮತ್ತು ಸಂಶೋಧನೆ

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರವು ಕರ್ನಾಟಕದಲ್ಲಿ ಕುಸುಬೆ ಸಂಶೋಧನೆಗೆ ಹೆಸರಾಗಿದೆ. ಅಲ್ಲಿಂದ ಬಂದ ಎ-1 ಮತ್ತು ಎ-2 ತಳಿಗಳು ರೈತರಿಗೆ ಪರಿಚಿತ. ಮಹಾರಾಷ್ಟ್ರದ ಸೊಲ್ಲಾಪುರದಿಂದ ಭೀಮಾ ತಳಿ ಬಂದಿತು. ಅದೇ ರಾಜ್ಯದ ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯು ನಾರಿ-6 ಎಂಬ ಮುಳ್ಳಿಲ್ಲದ ತಳಿಯನ್ನೂ ಮುಳ್ಳಿಲ್ಲದ ಸಂಕರಣ ತಳಿಯನ್ನೂ ಅಭಿವೃದ್ಧಿಪಡಿಸಿದೆ. ಇವುಗಳ ಕೊಯ್ಲು ಸುಲಭ, ಎಸಳುಗಳನ್ನು ಬಿಡಿಸಿ ಮಾರುವುದಕ್ಕೂ ಅನುಕೂಲ. ಆದರೆ ಮುಳ್ಳಿನ ಕಾವಲು ಇಲ್ಲದಿರುವುದರಿಂದ ಹಕ್ಕಿಗಳಿಂದಲೂ ದನಗಳಿಂದಲೂ ಬೆಳೆಯನ್ನು ಕಾಯಬೇಕಾಗುತ್ತದೆ.

ರಾಯಚೂರಿನಲ್ಲಿ ಪ್ರತ್ಯೇಕ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದ್ದು, ಕಲ್ಯಾಣ ಕರ್ನಾಟಕದ ಒಣಬೇಸಾಯದ ಬೆಳೆಗಳ ಅಧ್ಯಯನ ಅದರ ವ್ಯಾಪ್ತಿಗೆ ಬರುತ್ತದೆ. ಕಾಲುವೆಯ ನೀರು ತಲುಪದ ಆಳವಾದ ಎರೆಭೂಮಿ ಮತ್ತು ಉಪ್ಪಿನಂಶ ಸೇರಿದ ಹೊಲಗಳು, ಮೂರೂ ತಾಲ್ಲೂಕುಗಳಲ್ಲಿ ಕುಸುಬೆಗೆ ಈಗಲೂ ಹೊಂದುವ ನೆಲಗಳಾಗಿವೆ.