ಆಂಧ್ರ ಕರಾವಳಿಯ ಬಾರುಗಳು ಮತ್ತು ಬೆಂಕಿಯ ಕಾನೂನು

ವಿಶಾಖಪಟ್ಟಣ ಮತ್ತು ಹಿಂದೆ ಬೆಜವಾಡವೆನಿಸಿದ್ದ ವಿಜಯವಾಡ, ಮಂಗಳೂರು, ಕಾಸರಗೋಡು, ಬಳ್ಳಾರಿಗಳಂತೆಯೇ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಆದ್ದರಿಂದ ಜನ ಗುಂಪುಗೂಡುವ ತಾಣಗಳ ಸುರಕ್ಷತೆಯ ಕುರಿತ ಅಲ್ಲಿನ ಕಾನೂನಿನ ಚರಿತ್ರೆಯನ್ನು ಆ ಪ್ರಾಂತ್ಯದ 1888ರ ಸಾರ್ವಜನಿಕ ಮನರಂಜನಾ ಸ್ಥಳಗಳ ಕಾಯಿದೆಯಿಂದಲೇ ಆರಂಭಿಸಬೇಕು. ಆವರಣವು ಉದ್ದೇಶಿತ ಬಳಕೆಗೆ ಸುರಕ್ಷಿತವೆಂದು ಅಧಿಕಾರಿಗೆ ಮನವರಿಕೆಯಾದ ಮೇಲಷ್ಟೇ ಪರವಾನಗಿ ಕೊಡಬೇಕೆಂಬುದು ಅದರ ತಿರುಳು. ಸಿನಿಮಾ ಬಂದಾಗ ಈ ಎಚ್ಚರ ಇನ್ನಷ್ಟು ಬಿಗಿಯಾಯಿತು. ಅಂದಿನ ಚಿತ್ರಸುರುಳಿಗಳು ಕಿಡಿ ತಾಕಿದೊಡನೆ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಿನವಾಗಿದ್ದವು. 1918ರ ಸಿನಿಮಾಟೋಗ್ರಾಫ್ ಕಾಯಿದೆಯು ಸೆನ್ಸಾರಿನ ಜೊತೆಗೆ ಪ್ರೇಕ್ಷಕರ ಸುರಕ್ಷತೆಯನ್ನೂ ಪರವಾನಗಿಯ ಷರತ್ತಾಗಿಸಿತು. ವಿಜಯವಾಡದಲ್ಲಿ 1921ರಲ್ಲಿ ಮಾರುತಿ ಟಾಕೀಸ್ ತೆರೆದುದು ಈ ಕಾಯಿದೆಯ ಕಾಲದಲ್ಲಿಯೇ.

ಮದ್ಯದಂಗಡಿಯ ಹಾದಿ ಬೇರೆಯಾಗಿತ್ತು. ಅದು ಅಬಕಾರಿ, ಅಂದರೆ ಮದ್ಯದ ತಯಾರಿಕೆ ಹಾಗೂ ಮಾರಾಟದ ಮೇಲಿನ ತೆರಿಗೆ ಮತ್ತು ನಿಯಂತ್ರಣವನ್ನು ನೋಡಿಕೊಳ್ಳುವ ಇಲಾಖೆಯ ಕೈಯಲ್ಲಿತ್ತು. ಅದರ ಸುತ್ತ ನಡೆದ ವಾದವೆಲ್ಲ ಆದಾಯದ್ದು ಅಥವಾ ನೀತಿಯದ್ದು. 1937ರಲ್ಲಿ ಸೇಲಂ ಜಿಲ್ಲೆಯಿಂದ ಆರಂಭವಾದ ಮದ್ಯನಿಷೇಧ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತು; ಹೊಸ ಆಂಧ್ರ ರಾಜ್ಯದಲ್ಲಿ ಟಂಗುಟೂರಿ ಪ್ರಕಾಶಂ ಅವರ ಸರಕಾರ 1954ರ ನವೆಂಬರಿನಲ್ಲಿ ಇದೇ ಪ್ರಶ್ನೆಯ ಮೇಲೆ ಒಂದೇ ಮತದ ಅಂತರದಿಂದ ಬಿದ್ದಿತು. 1995ರಲ್ಲಿ ಎನ್.ಟಿ. ರಾಮರಾವ್ ಮತ್ತೆ ಪೂರ್ಣ ನಿಷೇಧ ತಂದರು, ಎರಡು ವರ್ಷಗಳಲ್ಲಿ ಅದು ಸಡಿಲಗೊಂಡಿತು. ಇಷ್ಟು ದೀರ್ಘವಾದ ಈ ವಾಗ್ವಾದದಲ್ಲಿ ಬಾರು ಇರಬೇಕೇ ಬೇಡವೇ ಎಂಬುದೇ ಮುಖ್ಯವಾಗಿ, ಅದರೊಳಗೆ ಕುಳಿತವರು ಹೊಗೆ ಕವಿದಾಗ ಯಾವ ಮೆಟ್ಟಿಲಿಳಿದು ಪಾರಾಗಬೇಕೆಂಬುದು ಹಿಂದೆ ಸರಿದುದು ದುಃಖದ ಸಂಗತಿ.

ನಿಯಮಗಳಿರಲಿಲ್ಲವೆಂದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ನೈಟ್‌ಕ್ಲಬ್ ಮತ್ತು ನೃತ್ಯಶಾಲೆಗಳನ್ನು ಚಿತ್ರಮಂದಿರಗಳೊಂದಿಗೆ ‘ಜನಸೇರುವ ಕಟ್ಟಡ’ಗಳ ವರ್ಗದಲ್ಲಿಯೇ ಇರಿಸಿದೆ. 1999ರ ಆಂಧ್ರಪ್ರದೇಶ ಅಗ್ನಿಶಾಮಕ ಸೇವಾ ಕಾಯಿದೆ ನಿರಾಕ್ಷೇಪಣಾ ಪತ್ರದ, ಎಂದರೆ ಕಟ್ಟಡದ ಬಗ್ಗೆ ಇಲಾಖೆಯ ತಕರಾರಿಲ್ಲವೆಂಬ ಲಿಖಿತ ಒಪ್ಪಿಗೆಯ, ವ್ಯವಸ್ಥೆಯನ್ನು ಶಾಸನಬದ್ಧಗೊಳಿಸಿತು. ಆದರೆ ಇಂಥ ಒಪ್ಪಿಗೆಯ ಅಗತ್ಯ ಕಟ್ಟಡದ ಎತ್ತರ ಮತ್ತು ನಿವೇಶನದ ವಿಸ್ತಾರವನ್ನು ಬಹುಮಟ್ಟಿಗೆ ಅವಲಂಬಿಸಿರುವುದರಿಂದ, ಬೇರೆ ಉದ್ದೇಶಕ್ಕೆ ಕಟ್ಟಿದ ಕಟ್ಟಡದ ಒಂದು ಮಹಡಿಯಲ್ಲಿ ಆಮೇಲೆ ತೆರೆಯುವ ಸಣ್ಣ ಬಾರು ಈ ಲೆಕ್ಕದ ಅಂಚಿನಲ್ಲೇ ಉಳಿಯುತ್ತದೆ.

ಅಪಾಯ ಜ್ವಾಲೆಗಿಂತ ಹೊಗೆಯಲ್ಲಿ ಹೆಚ್ಚು. 2020ರ ಆಗಸ್ಟ್ 9ರ ಬೆಳಗಿನ ಜಾವ, ಕೋವಿಡ್ ಆರೈಕೆ ಕೇಂದ್ರವಾಗಿದ್ದ ವಿಜಯವಾಡದ ಸ್ವರ್ಣ ಪ್ಯಾಲೆಸ್ ಹೋಟೆಲಿನಲ್ಲಿ ಕೆಳಗಿನಿಂದೆದ್ದ ಹೊಗೆ ಮೇಲಿನ ಮಹಡಿಗಳನ್ನು ತುಂಬಿ ಹತ್ತು ಜನ ಸತ್ತರು. ಅದು ಬಾರಲ್ಲ, ನಿಜ. ಆದರೆ ಹೊಗೆ ಮೆಟ್ಟಿಲಸಾಲನ್ನು ಚಿಮಣಿಯಾಗಿಸುವ ಬಗೆ ಎರಡರಲ್ಲೂ ಒಂದೇ, ಮತ್ತು ಬಾರಿನಲ್ಲಿ ಮಂದ ಬೆಳಕು, ಅಬ್ಬರದ ಸಂಗೀತ, ಗೋಡೆಗೆ ಹೊದಿಸಿದ ಫೋಮು, ಕುಡಿದು ಮಂಕಾದ ಎಚ್ಚರ ಇವೆಲ್ಲವೂ ಅದಕ್ಕೆ ಸೇರಿಕೊಳ್ಳುತ್ತವೆ. ಬಾಸ್ಟನ್ನಿನ ಕೋಕೋನಟ್ ಗ್ರೋವ್ ಕ್ಲಬ್ಬಿನಲ್ಲಿ 1942ರಲ್ಲಿ 492 ಜನ ಸತ್ತಾಗ, ಜನರ ಒತ್ತಡಕ್ಕೆ ಸಿಲುಕಿ ನಿಂತ ತಿರುಗುಬಾಗಿಲು ಮತ್ತು ಬೀಗ ಹಾಕಿದ ಬಾಗಿಲುಗಳು ಅಷ್ಟು ದೊಡ್ಡ ಸಾವಿಗೆ ಮುಖ್ಯ ಕಾರಣಗಳಾಗಿದ್ದವು.

ಈ ಚರಿತ್ರೆಯಲ್ಲಿ ತೀರ ಕಡಿಮೆ ಗಮನ ಪಡೆದವರು ಕೆಲಸಗಾರರು. ಬೆಂಗಳೂರಿನ ಕಲಾಸಿಪಾಳ್ಯದ ಕೈಲಾಸ್ ಬಾರಿನಲ್ಲಿ 2018ರ ಜನವರಿ 8ರ ನಸುಕಿನಲ್ಲಿ ಸತ್ತ ಐವರೂ ವ್ಯಾಪಾರ ಮುಗಿದ ಮೇಲೆ ಅಲ್ಲಿಯೇ ಮಲಗಿದ್ದ ನೌಕರರು. ಗೋವಾದ ಅರ್ಪೋರಾದ ನೈಟ್‌ಕ್ಲಬ್ಬಿನಲ್ಲಿ 2025ರ ಡಿಸೆಂಬರಿನಲ್ಲಿ ಸತ್ತ 25 ಜನರಲ್ಲಿ ಹೆಚ್ಚಿನವರೂ ಸಿಬ್ಬಂದಿಯೇ. ಗಿರಾಕಿಗಳ ಸಂಖ್ಯೆಗೆ ತಕ್ಕಂತೆ ಬಾಗಿಲುಗಳನ್ನು ಲೆಕ್ಕಹಾಕುವ ತಪಾಸಣೆ, ಷಟರ್ ಎಳೆದ ಮೇಲೆ ಒಳಗುಳಿಯುವ ಮಾಣಿಗಳು ಮತ್ತು ಅಡುಗೆಯವರು ಎಲ್ಲಿ ಮಲಗುತ್ತಾರೆ, ಆ ಷಟರನ್ನು ಒಳಗಿನಿಂದ ತೆರೆಯಬಹುದೇ ಎಂಬುದನ್ನೂ ನೋಡಬೇಕಾಗಿದೆ.